ಹೆಪ್ಪು, ಮೊಸರು, ಪ್ರೋಬಯಾಟಿಕ್: ನಾನು ಅಳಿಸಿದ ಒಂದು ವಾಕ್ಯ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ನಮಗೆ ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ಮೊಸರಿಗಿಂತ ಹತ್ತಿರದ ಉದಾಹರಣೆ ಇಲ್ಲ. ಇಲ್ಲಿನ ಮಕ್ಕಳು ಡೇರಿಗೆ ಹಾಲು ಹಾಕಿ ಶಾಲೆಗೆ ಬರುವವರು. ಹೆಪ್ಪು ಹಾಕುವುದನ್ನು ದಿನವೂ ಕಂಡವರು. ಪಾಂಡವಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನೂ ಮೊಸರಿನಿಂದಲೇ ಆರಂಭಿಸಿ, ‘ಮೊಸರಿನ ಬ್ಯಾಕ್ಟೀರಿಯಾಗಳು ಭೇದಿಯನ್ನು ಗುಣಪಡಿಸುತ್ತವೆ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಒಬ್ಬ ಹುಡುಗಿ ಎದ್ದು ಕೇಳಿದಳು: “ಮಿಸ್, ನನ್ ತಮ್ಮಂಗೆ ನಿನ್ನೆಯಿಂದ ಭೇದಿ. ಮಜ್ಜಿಗೆ ಕುಡಿಸಿದ್ರೆ ಸಾಕಾ? ಆಸ್ಪತ್ರೆಗೆ ಹೋಗೋದು ಬೇಡ್ವಾ?”

ವಾಕ್ಯವನ್ನು ಅಳಿಸಿದೆ. ಭೇದಿಯಲ್ಲಿ ಮೊದಲ ಅಪಾಯ ದೇಹದ ನೀರು ಮತ್ತು ಲವಣ ಕಳೆದುಹೋಗುವುದು. ಅದಕ್ಕೆ ಓಆರ್‌ಎಸ್ ಬೇಕು. ಚಿಕ್ಕ ಮಕ್ಕಳಿಗೆ ಜೊತೆಗೆ ಜಿಂಕ್ ಮಾತ್ರೆ. ಮಗು ಸುಸ್ತಾಗಿದ್ದರೆ, ಮಲದಲ್ಲಿ ರಕ್ತವಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಮನೆಯಲ್ಲಿ ಹೇಳೆಂದು ಅವಳಿಗೆ ತಿಳಿಸಿದೆ.

ಹಾಗಾದರೆ ಮೊಸರಿನ ಗುಣವೇನು? ಅದರ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುತ್ತವೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅನೇಕರಿಗೆ ಮೊಸರು ಒಗ್ಗುವುದು ಇದರಿಂದಲೇ. ಆದರೆ ‘ಪ್ರೋಬಯಾಟಿಕ್’ ಎಂಬ ಮಾತಿಗೆ ಅರ್ಥ ಇನ್ನೂ ಬಿಗಿಯಾದದ್ದು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆಯಂತೆ, ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಒಳಿತು ಮಾಡುವ ಜೀವಂತ ಸೂಕ್ಷ್ಮಜೀವಿಗಳಷ್ಟೇ ಪ್ರೋಬಯಾಟಿಕ್. ಇದರಿಂದ ನಾಲ್ಕು ಪ್ರಶ್ನೆಗಳು ಹುಟ್ಟುತ್ತವೆ: ಜೀವಂತವಾಗಿವೆಯೇ? ಎಷ್ಟಿವೆ? ಯಾವ ತಳಿ? ಯಾವ ತೊಂದರೆಗೆ?

ಕುದಿಸಿದ ಮಜ್ಜಿಗೆ ಹುಳಿ ಮೊದಲ ಪ್ರಶ್ನೆಯಲ್ಲೇ ಸೋಲುತ್ತದೆ. ಮನೆಯ ಹೆಪ್ಪಿನಲ್ಲಿ ಯಾವ ತಳಿ, ಎಷ್ಟು ಎಂಬುದು ಮನೆಯಿಂದ ಮನೆಗೆ ಬೇರೆ. ಆದ್ದರಿಂದ ಮನೆ ಮೊಸರು ಒಳ್ಳೆಯ ಆಹಾರ, ಔಷಧಿಯಲ್ಲ. ಆಂಟಿಬಯಾಟಿಕ್ ಸೇವನೆಯಿಂದ ಬರುವ ಭೇದಿಯನ್ನು ಕೆಲವು ನಿರ್ದಿಷ್ಟ ತಳಿಗಳು ಕಡಿಮೆ ಮಾಡುತ್ತವೆ. ಆ ಫಲವನ್ನು ಎಲ್ಲ ಮೊಸರಿಗೂ ಹೊರಿಸಲಾಗದು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಪ್ರೋಬಯಾಟಿಕ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಮರುದಿನದ ಪಾಠಕ್ಕೆ ಒಂದು ಚಟುವಟಿಕೆ ಸೇರಿಸಿದೆ. ಎರಡು ಲೋಟಗಳಲ್ಲಿ ಒಂದೇ ಅಳತೆಯ ಉಗುರುಬೆಚ್ಚಗಿನ ಹಾಲು. ಒಂದಕ್ಕೆ ಹಸಿ ಹೆಪ್ಪು, ಇನ್ನೊಂದಕ್ಕೆ ಕುದಿಸಿ ಆರಿಸಿದ ಹೆಪ್ಪು. ಬೆಳಿಗ್ಗೆ ನೋಡಿದರೆ ಮೊದಲನೆಯದು ಗಟ್ಟಿ ಮೊಸರು, ಎರಡನೆಯದು ಹೆಪ್ಪಾಗಿರಲಿಲ್ಲ. ‘ಜೀವಂತ’ ಎಂಬ ಪದವನ್ನು ಮಕ್ಕಳಿಗೆ ನಾನು ಮತ್ತೆ ವಿವರಿಸಬೇಕಾಗಲಿಲ್ಲ.

ಆ ಹುಡುಗಿಯ ತಮ್ಮನನ್ನು ಅಂದೇ ಸಂಜೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಿದ್ದರು, ಚೇತರಿಸಿಕೊಂಡ. ಆರೋಗ್ಯದ ಬಗ್ಗೆ ನಾವು ಹಲಗೆಯ ಮೇಲೆ ಬರೆಯುವ ವಾಕ್ಯ ಸಂಜೆಗೆ ಮಕ್ಕಳ ಮನೆ ತಲುಪುತ್ತದೆ. ಪಾಠ ಯೋಜನೆ ಬರೆಯುವಾಗಲೇ ಆ ವಾಕ್ಯವನ್ನು ನಾಲ್ಕು ಪ್ರಶ್ನೆಗಳಿಗೆ ಒಡ್ಡಿ ನೋಡುವುದು ಒಳಿತು.