ಹೆಸರಿಗೆ ಬೆಲೆಯೋ, ಸೇರ್ಪಡೆಗೆ ಬೆಲೆಯೋ?

ಅಮೆರಿಕದ ಕಾಲೇಜು ಕ್ರೀಡೆಯೆಂದರೆ ನಮ್ಮ ಅಂತರ ಕಾಲೇಜು ಪಂದ್ಯಾವಳಿಯಂತಲ್ಲ. ಶನಿವಾರದ ಫುಟ್‌ಬಾಲ್ ಪಂದ್ಯಕ್ಕೆ ಲಕ್ಷ ಜನ ಸೇರುವ ಕ್ರೀಡಾಂಗಣಗಳು ಅಲ್ಲಿನ ಕೆಲವು ವಿಶ್ವವಿದ್ಯಾನಿಲಯಗಳಲ್ಲಿವೆ. (ಇದು ನಾವು ಬಲ್ಲ ಫುಟ್‌ಬಾಲ್ ಅಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ.) ಟೆಲಿವಿಷನ್ ಪ್ರಸಾರದಿಂದ ಬರುವ ಆದಾಯ ಅಪಾರ. ಹೆಸರಾಂತ ತರಬೇತುದಾರರ ಸಂಬಳ ಕೋಟಿಗಟ್ಟಲೆ. ಆಡುವ ಹುಡುಗನಿಗೆ ಮಾತ್ರ ವಿದ್ಯಾರ್ಥಿವೇತನ, ಊಟ, ವಸತಿ. ಊರಿನ ಅಂಗಡಿಯೊಂದರ ಜಾಹೀರಾತಿಗೆ ಹಣ ಪಡೆದು ನಿಂತರೂ ಆತ ಆಡುವ ಅರ್ಹತೆ ಕಳೆದುಕೊಳ್ಳುತ್ತಿದ್ದ.

ಈ ಕಟ್ಟುಪಾಡನ್ನು ಜಾರಿಯಲ್ಲಿಟ್ಟಿದ್ದುದು ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆ. ಮಾಜಿ ಬ್ಯಾಸ್ಕೆಟ್‌ಬಾಲ್ ಆಟಗಾರ ಎಡ್ ಒಬ್ಯಾನನ್ ವಿಡಿಯೋ ಆಟವೊಂದರಲ್ಲಿ ತಮ್ಮದೇ ಪ್ರತಿರೂಪವನ್ನು ಕಂಡರು. ಅದಕ್ಕಾಗಿ ಅವರಿಗೆ ಬಿಡಿಗಾಸೂ ಸಂದಿರಲಿಲ್ಲ. 2009ರಲ್ಲಿ ಅವರು ಮೊಕದ್ದಮೆ ಹೂಡಿದರು. 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಆಟಗಾರರ ಪರವಾಗಿ ಕಾನೂನು ಮಾಡಿತು. 2021ರ ಜೂನ್‌ನಲ್ಲಿ ಆಲ್ಸ್ಟನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಎನ್‌ಸಿಎಎ ವಿರುದ್ಧ ತೀರ್ಪಿತ್ತರು. ಆ ತೀರ್ಪು ಶಿಕ್ಷಣಕ್ಕೆ ಸಂಬಂಧಿಸಿದ ಸೌಲಭ್ಯಗಳನ್ನು ಕುರಿತದ್ದಾಗಿತ್ತು. ಆದರೂ ಸಂಸ್ಥೆ ಅಳುಕಿತು. ಅದೇ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ, ಹೋಲಿಕೆಗಳಿಂದ ಹಣ ಗಳಿಸಬಹುದೆಂದಾಯಿತು.

ಇದು ನ್ಯಾಯವೇ ಸರಿ. ತೊಡಕು ಹುಟ್ಟಿದ್ದು ಆಮೇಲೆ. ವಿಶ್ವವಿದ್ಯಾನಿಲಯಗಳ ಶ್ರೀಮಂತ ಅಭಿಮಾನಿಗಳು ‘ಕಲೆಕ್ಟಿವ್’ ಎಂಬ ಕೂಟಗಳನ್ನು ಕಟ್ಟಿ ಚಂದಾ ಎತ್ತಿದರು. ಆ ಹಣ ಜಾಹೀರಾತಿನ ಹೆಸರಿನಲ್ಲಿ ಆಟಗಾರರನ್ನು ಸೇರತೊಡಗಿತು. ಅದೇ 2021ರಲ್ಲಿ, ಒಂದು ಬಾರಿ ಕಾಲೇಜು ಬದಲಿಸಿದವರು ಒಂದು ವರ್ಷ ಸುಮ್ಮನೆ ಕೂರಬೇಕೆಂಬ ನಿಯಮವೂ ಸಡಿಲಗೊಂಡಿತ್ತು. ಹೀಗಾಗಿ ಪ್ರೌಢಶಾಲೆಯ ಹುಡುಗನನ್ನು ಮಾತ್ರವಲ್ಲ, ಎದುರಾಳಿ ತಂಡದಲ್ಲಿ ಆಡುತ್ತಿರುವವನನ್ನೂ ಸೆಳೆಯಬಹುದಾಯಿತು. ಹುಡುಗ ಇನ್ನೂ ಹೆಸರು ಮಾಡಿಯೇ ಇಲ್ಲ. ಆಗಲೇ ಹೆಸರಿಗೆ ಹಣ! ಅದು ವಾಸ್ತವವಾಗಿ ಸೇರ್ಪಡೆಗೆ ಕಟ್ಟಿದ ಬೆಲೆಯಲ್ಲವೇ? ಸೇರ್ಪಡೆಗೆ ಆಮಿಷ ಒಡ್ಡಬಾರದೆಂಬ ನಿಯಮವೇನೋ ಇತ್ತು. ಟೆನ್ನೆಸೀ ಮತ್ತು ವರ್ಜೀನಿಯಾ ರಾಜ್ಯಗಳು ಕೋರ್ಟಿಗೆ ಹೋದಾಗ, 2024ರ ಫೆಬ್ರವರಿಯಲ್ಲಿ ಅದಕ್ಕೂ ತಡೆಯಾಜ್ಞೆ ಬಂತು.

ಈ ಪೈಪೋಟಿಯಲ್ಲಿ ಹುಡುಗರೇ ಸದಾ ಗೆಲ್ಲುತ್ತಾರೆಂದಲ್ಲ. ಸುಮಾರು 1 ಕೋಟಿ 38 ಲಕ್ಷ ಡಾಲರಿನ ಮಾತನ್ನು ನಂಬಿ, ಬೇರೊಂದು ವಿಶ್ವವಿದ್ಯಾನಿಲಯದ ಕರೆಯನ್ನು ಬಿಟ್ಟೆ, ಕೊನೆಗೆ ಆ ಹಣ ಬರಲೇ ಇಲ್ಲ ಎಂದು ಯುವ ಆಟಗಾರನೊಬ್ಬ 2024ರಲ್ಲಿ ದಾವೆ ಹೂಡಿದ. ಒಪ್ಪಂದವಾದಾಗ ಆತ ಇನ್ನೂ ಪ್ರೌಢಶಾಲೆಯಲ್ಲಿದ್ದ.

2025ರ ಜೂನ್‌ನಲ್ಲಿ ನ್ಯಾಯಾಲಯ ಅನುಮೋದಿಸಿದ ರಾಜಿಯ ಪ್ರಕಾರ ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಪರಿಹಾರ ಸಲ್ಲಬೇಕು. ವಿಶ್ವವಿದ್ಯಾನಿಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು; ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಹೊರಗಿನವರೊಡನೆ 600 ಡಾಲರಿನ ಅಥವಾ ಅದಕ್ಕೆ ಮೇಲ್ಪಟ್ಟ ಒಪ್ಪಂದವಾದರೆ ಅದು ನಿಜವಾದ ವ್ಯಾಪಾರವೇ ಎಂಬ ಪರಿಶೀಲನೆ ನಡೆಯಬೇಕು. ಆದರೆ ಹುಡುಗನ ಮುಖಕ್ಕೆ ನ್ಯಾಯವಾದ ಬೆಲೆ ಎಷ್ಟೆಂದು ಅಳೆಯುವವರು ಯಾರು? ಜಗಳವೆಲ್ಲ ಈಗ ಅಲ್ಲಿಗೆ ಬಂದು ನಿಂತಿದೆ.

ನಮ್ಮವರಿಗೂ ಇದರ ಬಿಸಿ ತಟ್ಟುತ್ತದೆ. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾನಿಲಯದ ಪರವಾಗಿ 2007 ಮತ್ತು 2008ರಲ್ಲಿ ಎನ್‌ಸಿಎಎ ಟೆನಿಸ್ ಸಿಂಗಲ್ಸ್ ಪ್ರಶಸ್ತಿ ಗೆದ್ದಾಗ ಈ ಹಣ ಯಾರಿಗೂ ಇರಲಿಲ್ಲ. ಈಗ ಸಹ ಆಟಗಾರನಿಗೆ ಉಂಟು. ವಿದ್ಯಾರ್ಥಿ ವೀಸಾದ ಮೇಲೆ ಹೋದವನು ಮಾತ್ರ ಅಲ್ಲಿ ದುಡಿಮೆಗಿರುವ ನಿರ್ಬಂಧಗಳಿಂದಾಗಿ, ಜಾಹೀರಾತಿಗೆ ಸಹಿ ಹಾಕುವ ಮೊದಲು ವಕೀಲರನ್ನು ಕಾಣಬೇಕಾಗುತ್ತದೆ.