ತೂಕ ಇಳಿಕೆಯ ಶಸ್ತ್ರಚಿಕಿತ್ಸೆಯ ಅನಂತರ ವ್ಯಾಯಾಮದ ಕ್ರಮ

ಅತಿಸ್ಥೂಲತೆಗಾಗಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಈಚಿನ ವರ್ಷಗಳಲ್ಲಿ ನಮ್ಮ ಬಳಿಗೂ ಸಲಹೆಗಾಗಿ ಬರುತ್ತಿದ್ದಾರೆ. ಹಲವರು ನೆಂಟರಿಷ್ಟರಿಗೂ ತಿಳಿಸದೆ, ಸಂಕೋಚದಿಂದಲೇ ಬರುತ್ತಾರೆ. ಸಂಕೋಚಕ್ಕೆ ಕಾರಣವಿಲ್ಲ. ಚರಕಾಚಾರ್ಯರು ಸ್ಥೌಲ್ಯವನ್ನು ಚಿಕಿತ್ಸೆಗೆ ಯೋಗ್ಯವಾದ ವ್ಯಾಧಿಯೆಂದೇ ಪರಿಗಣಿಸಿ ಸೂತ್ರಸ್ಥಾನದಲ್ಲಿ ವಿವರಿಸಿದ್ದಾರೆ; ವ್ಯಾಧಿಗೆ ಚಿಕಿತ್ಸೆ ಪಡೆದವನು ತಲೆ ತಗ್ಗಿಸಬೇಕಾಗಿಲ್ಲ. ಆದರೆ ಅನಂತರದ ದಿನಗಳಲ್ಲಿ ಇವರಿಗೆ ದೊರೆಯುವ ಸಲಹೆಗಳು ಪರಸ್ಪರ ವಿರುದ್ಧವಾಗಿರುತ್ತವೆ. ಮನೆಯ ಹಿರಿಯರು ಬಾಣಂತಿಯನ್ನು ನೋಡಿಕೊಳ್ಳುವಂತೆ ಮಲಗಿಸಿಡುತ್ತಾರೆ. ಮಿತ್ರರು ಹದಿನೈದೇ ದಿನಕ್ಕೆ ಜಿಮ್ಮಿಗೆ ಕರೆದೊಯ್ಯುತ್ತಾರೆ. ಇವೆರಡೂ ಅಪಾಯಕರವೇ. ಯಾವ ಕಾರಣದಿಂದ ಎಂಬುದನ್ನು ತಿಳಿದರೆ ಮಧ್ಯದ ದಾರಿ ತಾನಾಗಿ ಕಾಣುತ್ತದೆ.

ಇಂದು ಹೆಚ್ಚಾಗಿ ನಡೆಯುವ ಶಸ್ತ್ರಚಿಕಿತ್ಸೆಗಳು ಎರಡು. ಮೊದಲನೆಯದಾದ ಸ್ಲೀವ್ ವಿಧಾನದಲ್ಲಿ ಜಠರದ ಶೇಕಡಾ 75ರಿಂದ 80ರಷ್ಟು ಭಾಗವನ್ನು ತೆಗೆದು, ಉಳಿದುದನ್ನು ಬಾಳೆಹಣ್ಣಿನ ಆಕಾರದ ನಳಿಕೆಯನ್ನಾಗಿ ಮಾಡುತ್ತಾರೆ. ಎರಡನೆಯದಾದ ಬೈಪಾಸ್ ವಿಧಾನದಲ್ಲಿ ಸುಮಾರು 30 ಮಿಲಿಲೀಟರು ಹಿಡಿಯುವ ಪುಟ್ಟ ಚೀಲವೊಂದನ್ನು ರಚಿಸಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಇವೆರಡನ್ನೂ ಸಾಮಾನ್ಯವಾಗಿ ಹೊಟ್ಟೆಯ ಮೇಲಿನ ನಾಲ್ಕೈದು ಚಿಕ್ಕ ರಂಧ್ರಗಳ ಮೂಲಕವೇ ಮಾಡಲಾಗುತ್ತದೆ. ಹೊರಗಿನ ಗಾಯ ಚಿಕ್ಕದೆಂದು ಜನ ನಿಶ್ಚಿಂತರಾಗುತ್ತಾರೆ. ಆದರೆ ಒಳಗೆ ಆದುದು ದೊಡ್ಡ ಶಸ್ತ್ರಕರ್ಮ. ಚರ್ಮ ಕೂಡಿದ ಮಾತ್ರಕ್ಕೆ ಅದರ ಕೆಳಗಿನ ಮಾಂಸದ ಪದರಗಳು ಕೂಡಿದವೆಂದು ತಿಳಿಯಬಾರದು.

ಮೊದಲು ಮಲಗಿರುವುದರ ಅಪಾಯವನ್ನು ನೋಡೋಣ. ಸ್ಥೂಲದೇಹಿಗಳಲ್ಲಿ, ಅದರಲ್ಲಿಯೂ ಶಸ್ತ್ರಚಿಕಿತ್ಸೆಯ ಅನಂತರ, ಕಾಲಿನ ಆಳದ ಸಿರೆಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಆ ಹೆಪ್ಪು ಕಳಚಿ ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಸಂಚಕಾರ. ನಡೆಯುವಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ಒತ್ತುತ್ತವೆ. ಆದುದರಿಂದಲೇ ಶಸ್ತ್ರವೈದ್ಯರು ಅದೇ ದಿನ ಅಥವಾ ಮರುದಿನವೇ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಇದನ್ನು ನಿರ್ದಯತೆಯೆಂದು ಬಗೆದು ಜಗಳವಾಡಿದ ಬಂಧುಗಳನ್ನು ನಾವು ಕಂಡಿದ್ದೇವೆ. ಆ ನಾಲ್ಕು ಹೆಜ್ಜೆಯೂ ಔಷಧವೇ ಎಂದು ಅವರು ತಿಳಿಯಬೇಕು.

ಮನೆಗೆ ಬಂದ ಮೇಲೆ ಒಂದೇ ಬಾರಿಗೆ ಅರ್ಧ ಗಂಟೆ ನಡೆಯಲು ಹೊರಡಬಾರದು. ಅಂಗಳದಲ್ಲಿಯೋ ಪಡಸಾಲೆಯಲ್ಲಿಯೋ ಐದು ನಿಮಿಷ, ದಿನಕ್ಕೆ ನಾಲ್ಕೈದು ಬಾರಿ ನಡೆದರೆ ಆರಂಭಕ್ಕೆ ಸಾಕು. ದೇಹ ಒಪ್ಪಿದರೆ ಕೆಲವು ದಿನಗಳಿಗೊಮ್ಮೆ ಎರಡು ಮೂರು ನಿಮಿಷಗಳನ್ನು ಕೂಡಿಸುತ್ತ ಹೋಗಬೇಕು. ಹೀಗೆ ಸಾಗಿದವರು ಸಾಮಾನ್ಯವಾಗಿ ಆರೇಳು ವಾರಗಳಲ್ಲಿ ಇಪ್ಪತ್ತು ಮೂವತ್ತು ನಿಮಿಷಗಳ ನಡಿಗೆಗೆ ತಲುಪುತ್ತಾರೆ, ತಲುಪದಿದ್ದರೂ ಚಿಂತೆಯಿಲ್ಲ. ಪಂಚಕರ್ಮದಲ್ಲಿ ವಮನ ವಿರೇಚನಗಳಾದ ಮೇಲೆ ಪೇಯ, ವಿಲೇಪಿ, ಯೂಷ ಎಂದು ಹಂತಹಂತವಾಗಿ ಆಹಾರ ಕೊಡುವ ಸಂಸರ್ಜನ ಕ್ರಮವುಂಟಷ್ಟೆ. ವ್ಯಾಯಾಮಕ್ಕೂ ಇಲ್ಲಿ ಅದೇ ಕ್ರಮ. ಕುಳಿತಿರುವಾಗಲೂ ಪಾದಗಳನ್ನು ಹಿಂದಕ್ಕೂ ಮುಂದಕ್ಕೂ ಮಡಿಸುತ್ತಿರಬೇಕು, ಗಂಟೆಗೊಮ್ಮೆ ಕೆಲವು ದೀರ್ಘಶ್ವಾಸಗಳನ್ನು ತೆಗೆದುಕೊಳ್ಳಬೇಕು. ಹಾಸಿಗೆಯಿಂದ ಏಳುವಾಗ ಹೊಟ್ಟೆಯ ಬಲದಿಂದ ನೇರವಾಗಿ ಏಳದೆ, ಪಕ್ಕಕ್ಕೆ ಹೊರಳಿ ಕೈಯೂರಿ ಏಳಬೇಕು. ಕೆಮ್ಮು ಬಂದರೆ ಹೊಟ್ಟೆಗೆ ದಿಂಬನ್ನು ಒತ್ತಿ ಹಿಡಿಯಬೇಕು.

ಎಷ್ಟು ನಡೆದರೆ ಸಾಕೆಂಬ ಪ್ರಶ್ನೆಗೆ ನಮ್ಮ ಶಾಸ್ತ್ರದ ಉತ್ತರ ಅರ್ಧಶಕ್ತಿ. ಇರುವ ಬಲದ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕು. ಉಸಿರು ಬಾಯಿಯಿಂದ ಬರತೊಡಗುವುದೇ ಅದರ ಗುರುತೆಂದು ಸುಶ್ರುತಾಚಾರ್ಯರ ಅಭಿಪ್ರಾಯ. ಆಧುನಿಕ ವೈದ್ಯರು ಹೇಳುವುದೂ ಬಹುಮಟ್ಟಿಗೆ ಇದನ್ನೇ: ನಡೆಯುತ್ತ ಪಕ್ಕದವರೊಡನೆ ಸಲೀಸಾಗಿ ಮಾತನಾಡಲು ಆಗುತ್ತಿರಬೇಕು. ಶಸ್ತ್ರಚಿಕಿತ್ಸೆಯಾದವರು ಈ ಗುರುತು ಕಾಣಿಸಿಕೊಳ್ಳುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಿಸುವುದು ಲೇಸು, ಏಕೆಂದರೆ ಅವರ ಆಹಾರ ಆ ದಿನಗಳಲ್ಲಿ ಅತ್ಯಲ್ಪ.

ಮೊದಲ ಆರು ವಾರಗಳವರೆಗೆ, ಅಥವಾ ಶಸ್ತ್ರವೈದ್ಯರು ಹೇಳಿದ ಅವಧಿಯವರೆಗೆ, ಐದು ಕಿಲೋಗಿಂತ ಹೆಚ್ಚಿನ ಭಾರವನ್ನು ಎತ್ತಬಾರದು. ತುಂಬಿದ ಕೊಡ, ಸಿಲಿಂಡರು, ಮೊಮ್ಮಗು ಎಲ್ಲವೂ ಇದರಲ್ಲಿ ಸೇರಿದವು. ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ, ರಂಧ್ರಗಳಿದ್ದೆಡೆ ಹರ್ನಿಯ ಆಗುವುದುಂಟು. ಇದೇ ಕಾರಣದಿಂದ ಕಪಾಲಭಾತಿ, ಭಸ್ತ್ರಿಕಾ, ನೌಕಾಸನ, ಧನುರಾಸನ, ಸೂರ್ಯನಮಸ್ಕಾರಗಳನ್ನು ಕನಿಷ್ಠ ಮೂರು ತಿಂಗಳು ಕೈಬಿಡುವಂತೆ ನಾವು ಹೇಳುತ್ತೇವೆ. ಯೋಗವೆಂದ ಮಾತ್ರಕ್ಕೆ ನಿರಪಾಯವೆಂಬ ಭಾವನೆ ತಪ್ಪು. ಒತ್ತಡವಿಲ್ಲದ, ಉಸಿರು ಕಟ್ಟದ ಅನುಲೋಮ ವಿಲೋಮಕ್ಕೆ ಅಡ್ಡಿಯಿಲ್ಲ.

ಶ್ರೀಮಠಕ್ಕೆ ಬಂದಾಗ ಸಾಷ್ಟಾಂಗ ನಮಸ್ಕಾರ ಮಾಡುವುದನ್ನೂ ಈ ಅವಧಿಯಲ್ಲಿ ನಿಲ್ಲಿಸಬೇಕು. ನಿಂತು ಕೈಮುಗಿದರೆ ಸಾಕು. ಕುರ್ಚಿಯ ಮೇಲೆ ಕುಳಿತು ಇಷ್ಟಲಿಂಗ ಪೂಜೆ ಮಾಡಿದರೆ ಲೋಪವಾದೀತೆ ಎಂದು ಒಬ್ಬ ತಾಯಿ ನಮ್ಮನ್ನು ಕೇಳಿದರು. ಆ ಪ್ರಶ್ನೆಗೆ ಉತ್ತರಿಸಬೇಕಾದವರು ಪೂಜ್ಯರು. ವೈದ್ಯರಾಗಿ ನಾವು ಹೇಳಬಲ್ಲುದು ಇಷ್ಟೆ: ನೆಲದ ಮೇಲೆ ಕುಳಿತಿರುವುದರಿಂದ ತೊಂದರೆಯಿಲ್ಲ, ನೆಲದಿಂದ ಏಳುವಾಗ ಹೊಟ್ಟೆಗೆ ಬೀಳುವ ಒತ್ತಡವೇ ತೊಂದರೆ.

ಇನ್ನು ಬಹಳ ಮಂದಿ ಗಮನಿಸದ ವಿಷಯವೊಂದಿದೆ. ಈ ಶಸ್ತ್ರಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ರಕ್ತದ ಸಕ್ಕರೆ ಇಳಿಯುತ್ತದೆ; ರಕ್ತದೊತ್ತಡವೂ ಕ್ರಮೇಣ ಇಳಿಯುತ್ತದೆ. ಹಳೆಯ ಪ್ರಮಾಣದಲ್ಲಿಯೇ ಇನ್ಸುಲಿನ್ ಅಥವಾ ಮಾತ್ರೆಗಳನ್ನು ತೆಗೆದುಕೊಂಡು ಬೆಳಗಿನ ನಡಿಗೆಗೆ ಹೋದವರು ಬೆವರಿ, ನಡುಗಿ, ದಾರಿಯಲ್ಲಿಯೇ ಕುಸಿಯಬಹುದು. ಔಷಧಗಳ ಪ್ರಮಾಣವನ್ನು ವೈದ್ಯರಿಂದ ಮರುಪರಿಶೀಲಿಸಿಕೊಳ್ಳದೆ ವ್ಯಾಯಾಮವನ್ನು ಹೆಚ್ಚಿಸಲೇಬಾರದು. ತಾವಾಗಿ ಮಾತ್ರೆ ನಿಲ್ಲಿಸಲೂಬಾರದು. ಮೈಕೈ ನೋವೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದೂ ಕೂಡದು. ವಿಶೇಷವಾಗಿ ಬೈಪಾಸ್ ಆದವರಲ್ಲಿ ಐಬುಪ್ರೊಫೆನ್‌ನಂತಹ ಮಾತ್ರೆಗಳು ಜೋಡಣೆಯ ಸ್ಥಳದಲ್ಲಿ ಹುಣ್ಣು ಮಾಡುತ್ತವೆ. ನಮ್ಮವರೇ ಆದ ವೈದ್ಯರು ಕೊಡುವ ತೂಕ ಇಳಿಸುವ ಚೂರ್ಣ ಕಷಾಯಗಳನ್ನೂ ಶಸ್ತ್ರವೈದ್ಯರಿಗೆ ತಿಳಿಸದೆ ಸೇವಿಸಬೇಡಿರಿ. ಇಳಿಯುತ್ತಿರುವ ತೂಕವನ್ನು ಇನ್ನಷ್ಟು ಓಡಿಸುವ ಅಗತ್ಯವಾದರೂ ಏನು?

ತಕ್ಕಡಿಯಲ್ಲಿ ಇಳಿಯುವುದೆಲ್ಲ ಮೇದಸ್ಸಲ್ಲ. ಮಾಂಸಧಾತುವೂ ಅದರೊಡನೆ ಕರಗುತ್ತದೆ. ಮೂರು ತಿಂಗಳಲ್ಲಿ ಇಪ್ಪತ್ತು ಕಿಲೋ ಇಳಿದೆನೆಂದು ಹಿಗ್ಗುವವರು ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುವುದು ಇದರಿಂದಲೇ. ನಡಿಗೆಯೊಂದೇ ಇದಕ್ಕೆ ಪರಿಹಾರವಲ್ಲ. ವೈದ್ಯರ ಒಪ್ಪಿಗೆ ದೊರೆತ ಮೇಲೆ, ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ಅನಂತರ, ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಬೇಕು. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಿಂದ ಎಂಟು ಹತ್ತು ಬಾರಿ ಎದ್ದು ಕೂಡುವುದು, ಗೋಡೆಗೆ ಅಂಗೈಯೂರಿ ಮೈಯನ್ನು ಮುಂದೆ ತಂದು ಹಿಂದಕ್ಕೆ ತಳ್ಳುವುದು, ಆಧಾರ ಹಿಡಿದು ಹಿಮ್ಮಡಿ ಎತ್ತುವುದು, ಅರ್ಧ ಲೀಟರಿನ ನೀರಿನ ಬಾಟಲಿಗಳನ್ನು ಹಿಡಿದು ತೋಳು ಮಡಿಸುವುದು. ಮನೆಯಲ್ಲಿ ಇಷ್ಟು ಸಾಕು. ಆದರೆ ಮಾಂಸಧಾತುವಿಗೆ ಆಹಾರವಿಲ್ಲದೆ ವ್ಯಾಯಾಮ ಫಲಿಸದು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು ಬೇಕೆಂದು ಹೇಳುತ್ತಾರೆ. ಶಾಕಾಹಾರಿಗಳಾದ ನಮ್ಮವರಿಗೆ ಪುಟ್ಟ ಜಠರದಲ್ಲಿ ಅಷ್ಟನ್ನು ತುಂಬುವುದು ಸುಲಭವಲ್ಲ. ಮೊಸರು, ಪನೀರು, ಸೋಯಾ, ಬೇಳೆಗಳಿಗೆ ಮೊದಲ ಸ್ಥಾನ ಕೊಟ್ಟು, ರೊಟ್ಟಿ ಅನ್ನಗಳಿಗೆ ಕೊನೆಯ ಸ್ಥಾನ ಕೊಡಬೇಕಾಗುತ್ತದೆ. ಹಲವರಿಗೆ ಪ್ರೋಟೀನು ಪುಡಿಯೂ ಬೇಕಾಗುತ್ತದೆ. ಬಿ 12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಮಾತ್ರೆಗಳು ಜೀವಮಾನವಿಡೀ ತಪ್ಪಕೂಡದು.

ನೀರನ್ನು ಗಟಗಟನೆ ಕುಡಿಯುವಂತಿಲ್ಲವಾದ್ದರಿಂದ ನಡಿಗೆಗೆ ಹೊರಡುವ ಮುನ್ನವೂ ನಡುನಡುವೆಯೂ ಗುಟುಕು ಗುಟುಕಾಗಿ ಕುಡಿಯಬೇಕು. ಊಟದೊಡನೆ ಕುಡಿಯದೆ, ಊಟವಾಗಿ ಅರ್ಧ ಗಂಟೆಯ ಅನಂತರ ಕುಡಿಯಬೇಕು.

ಮೀನಖಂಡದಲ್ಲಿ ನೋವು ಅಥವಾ ಒಂದೇ ಕಾಲಿನ ಬಾವು, ಹಠಾತ್ತಾದ ಉಬ್ಬಸ, ಎದೆನೋವು, ಜ್ವರ, ನಿಲ್ಲದ ವಾಂತಿ, ಹೆಚ್ಚುತ್ತಿರುವ ಹೊಟ್ಟೆನೋವು, ವಿಶ್ರಾಂತಿಯಲ್ಲಿಯೂ ನಿಮಿಷಕ್ಕೆ 120 ಮೀರುವ ನಾಡಿ, ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮ ನಿಲ್ಲಿಸಿ ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಗೆ ಕೂಡಲೇ ಹೋಗಬೇಕು. ಅಂತಹ ಸಮಯದಲ್ಲಿ ನಮ್ಮ ಬಳಿಗೆ ಬಂದು ಹೊತ್ತು ಕಳೆಯಬೇಡಿರಿ.

ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗಬಹುದೆ ಎಂದು ಉತ್ತರ ಕರ್ನಾಟಕದ ಭಕ್ತರು ಕೇಳುವುದುಂಟು. ಮೊದಲ ವರ್ಷ ಬೇಡವೆಂಬುದು ನಮ್ಮ ಸಲಹೆ. ಬಿಸಿಲು, ದಿನವಿಡೀ ನಡಿಗೆ, ಒಮ್ಮೆಗೆ ಹೆಚ್ಚು ನೀರು ಕುಡಿಯಲಾಗದ ಜಠರ ಇವು ಒಂದಕ್ಕೊಂದು ಹೊಂದುವುದಿಲ್ಲ. ದಾರಿಯ ದಾಸೋಹಗಳಲ್ಲಿ ಬಡಿಸುವ ಸಿಹಿಯಂತೂ ಬೈಪಾಸ್ ಆದವರಿಗೆ ಎದೆಬಡಿತ, ತಲೆಸುತ್ತು, ಭೇದಿಯನ್ನು ತರಬಲ್ಲುದು. ವರ್ಷ ಕಳೆದ ಮೇಲೆ, ರಕ್ತಪರೀಕ್ಷೆಗಳು ಸರಿಯಿದ್ದು, ಮನೆಯಲ್ಲಿ ನಿತ್ಯ ಒಂದು ಗಂಟೆ ಆಯಾಸವಿಲ್ಲದೆ ನಡೆಯಬಲ್ಲವರು ವೈದ್ಯರನ್ನು ಕೇಳಿಕೊಂಡು ಒಂದೆರಡು ದಿನದ ದಾರಿಯನ್ನು ಮಾತ್ರ ಸಂಗಡಿಗರೊಡನೆ ನಡೆದು, ಮಿಕ್ಕುದನ್ನು ವಾಹನದಲ್ಲಿ ಕ್ರಮಿಸಲಿ.