ಏರಿನಲ್ಲಿ ಕೇಳುವ ಕಿಣಿಕಿಣಿ

ಬೆಳಗಾವಿಯಿಂದ ಖಾನಾಪುರದ ಹಾದಿ ಹಿಡಿದರೆ, ಉದ್ಯಮಬಾಗ್ ದಾಟುತ್ತಲೇ ಪೀರನವಾಡಿ. ಇಲ್ಲಿಂದ ಒಂದು ದಾರಿ ಖಾನಾಪುರದ ಮೇಲೆ ಅನಮೋಡ ಘಾಟಿಗೆ, ಇನ್ನೊಂದು ಜಾಂಬೋಟಿ, ಕಣಕುಂಬಿಯ ಮೇಲೆ ಚೋರ್ಲಾ ಘಾಟಿಗೆ. ಎರಡೂ ಇಳಿಯುವುದು ಗೋವೆಗೆ. ಮರಳಿ ಮೇಲೆ ಹತ್ತುವಾಗ ಹಳೆಯ ಪೆಟ್ರೋಲ್ ಗಾಡಿಯ ಗುಟ್ಟು ಬಯಲಾಗುತ್ತದೆ. ಆಕ್ಸಿಲರೇಟರ್ ಒತ್ತಿದೊಡನೆ ಹಿತ್ತಾಳೆ ಪರಾತಕ್ಕೆ ಜೋಳ ಸುರಿದಂಥ ಕಿಣಿಕಿಣಿ; ಕಾಲು ತೆಗೆದರೆ ಸದ್ದಿಲ್ಲ. ಇದೇ ಪಿಂಗಿಂಗ್ ಅಥವಾ ನಾಕಿಂಗ್.

ಈ ಸದ್ದನ್ನು ಕಿವಿಯಿಂದಲೇ ಓದುವ ಮಿಸ್ತ್ರಿಗಳ ಕಸುಬನ್ನು ಪರಿಚಯಿಸಬೇಕೆನಿಸಿದ್ದು, ಅದು ಕಣ್ಮರೆಯಾಗುತ್ತಿರುವುದರಿಂದ. ಈಗಿನ ಎಂಜಿನ್‌ಗಳಲ್ಲಿ ನಾಕ್ ಸೆನ್ಸರ್ ಇದೆ, ಕಂಪ್ಯೂಟರ್ ತಾನೇ ಕಿಡಿ ಹಾರುವ ಟೈಮಿಂಗ್ ಹಿಂದಕ್ಕೆ ಸರಿಸುತ್ತದೆ. ಹರಿಕೇನ್ ಎಂಜಿನ್ನಿನ ಮಹೀಂದ್ರದ ಹಳೆಯ ಪೆಟ್ರೋಲ್ ಜೀಪಿಗೆ, ಅದೇ ಎಂಜಿನ್ ಹೊತ್ತ ಎಫ್‌ಸಿ-150 ಟ್ರಕ್ಕಿಗೆ ಮಿಸ್ತ್ರಿಯ ಕಿವಿಯೇ ಸೆನ್ಸರ್.

ಲೋಹಕ್ಕೆ ಲೋಹ ಬಡಿದಂತೆ ಕೇಳಿದರೂ ಇದು ಬಡಿತವಲ್ಲ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಉರಿ ಸಿಲಿಂಡರಿನ ಮೂಲೆ ಮುಟ್ಟುವ ಮೊದಲೇ, ಅಲ್ಲಿ ಉಳಿದ ಗಾಳಿ-ಪೆಟ್ರೋಲ್ ಮಿಶ್ರಣ ಕಾವು, ಒತ್ತಡಕ್ಕೆ ತಾನಾಗಿ ಹೊತ್ತಿ ಸಿಡಿಯುತ್ತದೆ. ಆ ಒತ್ತಡದ ಅಲೆಗೆ ಎಂಜಿನ್ನಿನ ಗೋಡೆ ನಡುಗಿ ನಾದ ಹೊರಡಿಸುತ್ತದೆ. ಹಾಗೇ ಬಿಟ್ಟರೆ ಗ್ಯಾಸ್ಕೆಟ್ ಸುಡುತ್ತದೆ, ಪಿಸ್ಟನ್ ಒಡೆಯುತ್ತದೆ.

ಮಾಲೀಕರು ಮೊದಲು ಬೈಯುವುದು ಪೆಟ್ರೋಲಿಗೆ. ಸೀಸ ಹೋದದ್ದೇ ಕಾರಣವೆಂಬ ಆ ಅನುಮಾನ ತಪ್ಪು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಜ್‌ಲಿ ನಾಕಿಂಗ್ ತಡೆಯಲು ಸೀಸದ ಸಂಯುಕ್ತ ಕಂಡುಹಿಡಿದ. 2000ದ ಫೆಬ್ರವರಿಯಿಂದ ನಮ್ಮ ದೇಶದ ಬಂಕುಗಳಲ್ಲಿ ಸೀಸದ ಪೆಟ್ರೋಲ್ ನಿಂತಿತು. ಆದರೆ ಹರಿಕೇನ್‌ನ ಕಂಪ್ರೆಷನ್ ಅನುಪಾತ ಬರೀ 6.9. ಇಂದಿನ ಸಾದಾ ಪೆಟ್ರೋಲಿನ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಅದಕ್ಕೆ ಧಾರಾಳ. ಎಥೆನಾಲ್ ಬೆರೆತರೆ ಆಕ್ಟೇನ್ ಇನ್ನೂ ಏರುತ್ತದೆ. ಎಥೆನಾಲಿನಿಂದ ತೊಂದರೆ ಬರುವುದು ಬೇರೆ ಕಡೆಯಿಂದ: ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನ ಕಾರ್ಬೊರೇಟರಿನಲ್ಲಿ ಮಿಶ್ರಣ ತೆಳುವಾಗಿ ಪಿಂಗಿಂಗ್‌ಗೆ ದಾರಿ ಮಾಡುತ್ತದೆ.

ಹೀಗಾಗಿ ಬಲ್ಲ ಮಿಸ್ತ್ರಿ ಸ್ಪ್ಯಾನರ್ ಹಿಡಿಯುವ ಮೊದಲು, “ಗಾಡಿ ಏರಿಗೆ ಹಚ್ರಿ, ಕೇಳೂನು” ಎಂದು ಪಕ್ಕದ ಸೀಟಿನಲ್ಲಿ ಕೂರುತ್ತಾನೆ. ನಿಂತಲ್ಲೇ ಟಕಟಕ ಎಂದರೆ ಅದು ಟ್ಯಾಪೆಟ್ಟಿನ ಸದ್ದು. ಲೋಡಿನಲ್ಲಿ ಮಾತ್ರ ಬಂದರೆ ಪಿಂಗಿಂಗ್. ಆಗ ಅವನು ಮಿಶ್ರಣ ದಟ್ಟವಾಗಲೆಂದು ಚೋಕ್ ತುಸು ಎಳೆಯಲು ಹೇಳುತ್ತಾನೆ. ಸದ್ದು ತಗ್ಗಿದರೆ ಮಿಶ್ರಣವೇ ತೆಳು: ಜೆಟ್ಟಿನಲ್ಲಿ ಕಸ ಕೂತಿರಬೇಕು, ಇಲ್ಲವೇ ಕಾರ್ಬೊರೇಟರಿನ ಬುಡದ ಗ್ಯಾಸ್ಕೆಟ್ಟಿನಿಂದ ಗಾಳಿ ನುಗ್ಗುತ್ತಿರಬೇಕು. ಬಿಳಿಚಿದ ಪ್ಲಗ್ಗೂ ಅದಕ್ಕೆ ಸಾಕ್ಷಿ. ಈ ಚೋಕಿನ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ, ಕಸುಬಿನ ಜಾಣತನವೆಲ್ಲ ಇದರಲ್ಲಿದೆ ಎನಿಸುತ್ತದೆ ನನಗೆ.

ಚೋಕಿಗೂ ಸದ್ದು ತಗ್ಗದಿದ್ದರೆ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೋಡಬೇಕು. ಇಲ್ಲಿ ಅವಸರದವರು ಎಡವುತ್ತಾರೆ. ಪಾಯಿಂಟಿನ ಗ್ಯಾಪ್ ಹಿಗ್ಗಿದರೆ ಟೈಮಿಂಗ್ ತಾನಾಗಿ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಮೊದಲು ಗ್ಯಾಪ್ 20 ಥೌ (ಇಂಚಿನ ಸಾವಿರದ ಭಾಗ), ಆಮೇಲೆ ಟೈಮಿಂಗ್ 5 ಡಿಗ್ರಿ. ಒಳಗಿನ ವೇಟುಗಳ ಸ್ಪ್ರಿಂಗ್ ಸಡಿಲಾಗಿದ್ದರೆ ಐಡಲಿನಲ್ಲಿ ಎಲ್ಲ ಸರಿ ಕಂಡು, ಏರಿನಲ್ಲಿ ಕಿಡಿ ಬೇಗ ಹಾರುತ್ತದೆ. ರೇಡಿಯೇಟರ್ ಕಟ್ಟಿಕೊಂಡು ಎಂಜಿನ್ ಕಾದಿದೆಯೇ ಎಂದೂ ನೋಡುತ್ತಾನೆ. ಹೆಡ್ ಬಿಚ್ಚಿ ಕಾರ್ಬನ್ ಕೆರೆಯುವುದು ಕೊನೆಯ ಕೆಲಸ.

ಹಳೆಯ ಜೀಪಿರುವವರೇ, ಈ ಸದ್ದು ಕೇಳಿದ ದಿನ ಬಂಕ್ ಬದಲಿಸಲು ಹೋಗಬೇಡಿ. ಏರಿನಲ್ಲಿ ಒಂದು ಗೇರ್ ಇಳಿಸಿ, ಎಂಜಿನ್ನಿಗೆ ಭಾರ ಕಡಿಮೆ ಮಾಡಿ ಊರು ಮುಟ್ಟಿ. ಮರುದಿನ ಮಿಸ್ತ್ರಿಯನ್ನು ಕೂರಿಸಿಕೊಂಡು ಅದೇ ಏರಿಗೆ ಹೋಗಿ. ಗ್ಯಾರೇಜಿನಲ್ಲಿ ಪಾನಾ ಕೊಡುವ ಹುಡುಗನನ್ನೂ ಹಿಂದೆ ಹತ್ತಿಸಿಕೊಳ್ಳಿ. ಈ ಸದ್ದು ಅವನ ಕಿವಿಗೂ ಬೀಳಲಿ.